ಇದಕ್ಕೆ ಸೆಲ್ಲು ಎಲ್ಲಿ ಹಾಕೋದು ಅತ್ತೆ?

ಹೋದ ಭಾನುವಾರ ನಮ್ಮಣ್ಣನ ಮಗಳು ಕೋರಕ್ಕೆ ಬಂದಿದ್ಲು. ತವರುಮನೇಲಿ ಬೀರು ಕ್ಲೀನ್ ಮಾಡುವಾಗ ನಮ್ಮಪ್ಪನ ವಾಚು ಸಿಕ್ತಂತೆ, ಕರ್ಚೀಫಲ್ಲಿ ಗಂಟು ಕಟ್ಕೊಂಡು ತಂದಿದ್ಲು. ಎಚ್‌ಎಂಟಿ ಜನತಾ. ಬೆಳ್ಳಗಿನ ಡಯಲ್ಲು, ಗ್ಲಾಸೆಲ್ಲ ಗೀಚು, ಪಟ್ಟಿ ಹರಿದು ತುಂಡಾಗಿದೆ. ನೋಡ್ತಿದ್ದಂಗೇ ನಂಗೆ ಕಣ್ಣು ತುಂಬ್ಕೊಂತು. ಅವಳು ಅದನ್ನ ಹಿಂದೆ ಮುಂದೆ ತಿರುಗ್ಸಿ ನೋಡಿ, “ಇದಕ್ಕೆ ಸೆಲ್ಲು ಎಲ್ಲಿ ಹಾಕೋದು ಅತ್ತೆ?” ಅಂದ್ಲು.

ಅಳ್ತಿದ್ದೋಳಿಗೆ ನಗು ಬಂತು ನೋಡಿ. ಇಂಜಿನಿಯರಿಂಗ್ ಓದಿರೋ ಹುಡುಗಿ. ತಪ್ಪು ಅವಳದಲ್ಲ ಬಿಡಿ, ಅವಳು ಹುಟ್ಟೋ ಹೊತ್ತಿಗೆ ಕೀ ಕೊಡೋ ವಾಚು ಎಲ್ಲರ ಮನೇಲೂ ಬೀರು ಸೇರಿತ್ತು. “ಇದಕ್ಕೆ ಸೆಲ್ಲಿಲ್ಲ ಕಣೆ, ದಿನಾ ಬೆಳಗ್ಗೆ ಕೀ ಕೊಡ್ಬೇಕು” ಅಂದೆ. “ನಿಮಗೆ ಹೆಂಗೆ ಗೊತ್ತು?” ಅಂದ್ಲು. ಅದನ್ನೇ ಇವತ್ತು ಬರೀತಿದೀನಿ. ನಮ್ಮ ಬೀದಿಯೋರಿಗೆ ಅರ್ಧ ಗೊತ್ತಿರೋ ಕತೆ, ಮಿಕ್ಕಿದ್ದರ್ಧ ನಾನು ಯಾರಿಗೂ ಹೇಳಿರ್ಲಿಲ್ಲ.

ತುಮಕೂರಲ್ಲಿ ಎಚ್‌ಎಂಟಿ ವಾಚ್ ಫ್ಯಾಕ್ಟರಿ ಶುರುವಾಗಿದ್ದು 1978ರಲ್ಲಿ. ಅದಕ್ಕೂ ಮುಂಚೆ ಬೆಂಗಳೂರಲ್ಲಿ 1961ರಲ್ಲೇ ಜಪಾನಿನ ಸಿಟಿಜನ್ ಕಂಪನಿಯೋರ ಜೊತೆ ಸೇರ್ಕೊಂಡು ಮೊದಲನೇ ಫ್ಯಾಕ್ಟರಿ ಮಾಡಿದ್ರು. ನಾನು ಹುಡುಗಿಯಾಗಿದ್ದಾಗ ತುಮಕೂರಲ್ಲಿ ಎಚ್‌ಎಂಟಿ ಕೆಲಸ ಅಂದ್ರೆ ಗಂಡು ನೋಡೋರು ಜಮೀನು ಎಷ್ಟಿದೆ ಅಂತಾನೂ ಕೇಳ್ತಿರ್ಲಿಲ್ಲ. ಗಂಡಸರಷ್ಟೇ ಅಲ್ಲ, ಹೆಂಗಸರೂ ಹೋಗೋರು. ಬೆಳಗ್ಗೆ ಹೊತ್ತು ನೀಟಾಗಿ ಸೀರೆ ಉಟ್ಟು, ಟಿಫನ್ ಕ್ಯಾರಿಯರ್ ಹಿಡ್ಕೊಂಡು ಬಸ್ಸಿಗೆ ಕಾಯ್ತಾ ನಿಂತಿರೋರು. ನಾನು ಕಾಲೇಜಿಗೆ ಹೋಗ್ತಾ ಅವರನ್ನೇ ನೋಡ್ಕೊಂಡು ಹೋಗ್ತಿದ್ದೆ. ಅವರ ಸೀರೆಗಿಂತ ಅವರ ನಡಿಗೆ ನೋಡ್ತಿದ್ದೆ. ಸಂಬಳ ತರೋ ಹೆಂಗಸಿನ ನಡಿಗೆ ಬೇರೆ ಥರ ಇರ್ತಿತ್ತು.

1989ರಲ್ಲಿ ಪಿಯುಸಿ ಪಾಸಾದ ಮೇಲೆ ಅಪ್ಪನ ಹತ್ರ ಕೇಳ್ದೆ, ಅರ್ಜಿ ಹಾಕ್ಲಾ ಅಂತ. ಅಪ್ಪ ಪೇಪರ್ ಓದ್ತಿದ್ರು. ತಲೆ ಎತ್ತದೇ, “ಮದುವೆ ಆಗೋ ಹುಡುಗಿಗೆ ಫ್ಯಾಕ್ಟರಿ ಯಾಕೆ” ಅಂದ್ರು. ಅಷ್ಟೇ. ಆಗ ಅವರ ಕೈಲಿದ್ದಿದ್ದು ಇದೇ ಜನತಾ ವಾಚು. ವಾಚು ಬೇಕು, ವಾಚ್ ಫ್ಯಾಕ್ಟರಿಗೆ ಹೋಗೋ ಮಗಳು ಬೇಡ.

ಮಾರನೇ ವರ್ಷ ಕೋರಕ್ಕೆ ಮದುವೆ ಮಾಡಿಕೊಟ್ರು. ನಮ್ಮ ಮಾವನೋರು ಅದೇ ಫ್ಯಾಕ್ಟರೀಲಿ ಕೆಲಸದಲ್ಲಿದ್ರು. ದೇವರಿಗೂ ಒಂದೊಂದ್ಸಲ ತಮಾಷೆ ಮಾಡ್ಬೇಕು ಅನ್ಸುತ್ತೇನೋ!

ಮಾವ ಅಲ್ಲಿ ಕೂರ್ತಿದ್ದಿದ್ದು ವಾಚು ಜೋಡಿಸೋ ಸಾಲಲ್ಲಿ. ಸಾಲಲ್ಲಿ ಒಬ್ಬೊಬ್ಬರಿಗೆ ಒಂದೊಂದೇ ಕೆಲಸ. ಒಬ್ರು ಚಕ್ರ ಕೂರ್ಸಿದ್ರೆ ಇನ್ನೊಬ್ರು ಸ್ಕ್ರೂ ಬಿಗಿಯೋರು. ನಮ್ಮ ಮಾವನಿಗೆ ಬ್ಯಾಲೆನ್ಸ್ ಕೂರ್ಸೋ ಕೆಲಸ. “ಇಪ್ಪತ್ತು ವರ್ಷ ಬರೀ ಒಗ್ಗರಣೆ ಹಾಕ್ದೋನು ಅಡಿಗೆಯೋನು ಆಗ್ತಾನೇನಮ್ಮ? ಅನ್ನ ಮಾಡೋದೂ ಬರ್ಬೇಕು” ಅನ್ನೋರು. ಅದಕ್ಕೇ ಸಾಯಂಕಾಲ ಫ್ಯಾಕ್ಟರಿ ಬಿಟ್ಮೇಲೆ ತುಮಕೂರು ಪೇಟೇಲಿ ಒಬ್ಬ ಹಳೇ ರಿಪೇರಿಯೋರ ಹತ್ರ ಹೋಗಿ ಕೂರೋರಂತೆ. ಮಹಡಿ ಮೆಟ್ಟಿಲ ಕೆಳಗೆ ಒಂದು ಗಾಜಿನ ಡಬ್ಬ, ಒಂದು ಸ್ಟೂಲು, ಅಷ್ಟೇ ಅಂಗಡಿ. ಆ ಹಿರಿಯರು ಮೊದಲ ಮೂರು ತಿಂಗಳು ಇವರ ಕೈಗೆ ಒಂದು ವಾಚೂ ಕೊಡ್ಲಿಲ್ವಂತೆ. “ನೋಡು” ಅಷ್ಟೇ. ನೋಡಿದ್ದನ್ನ ಮನೆಗೆ ಬಂದು ಹಾಳೇಲಿ ಬರ್ಕೊಳ್ಳೋರು. ಇಡೀ ವಾಚು ಬಿಚ್ಚಿ ಜೋಡ್ಸೋದು ಮಾವ ಕಲ್ತಿದ್ದು ಹಂಗೆ.

2000ದ ಆಚೀಚೆ ಸ್ವಯಂ ನಿವೃತ್ತಿ ತಗೊಂಡು ಮನೇಲಿ ಕೂತ್ರು. ಪಡಸಾಲೆ ಕಿಟಕಿ ಹತ್ರ ಒಂದು ಮೇಜು ಹಾಕ್ಕೊಂಡು ಊರೋರ ವಾಚು ರಿಪೇರಿ ಶುರು ಮಾಡಿದ್ರು. ನಾನು ಕಾಫಿ ಕೊಡೋಕೆ ಹೋದೋಳು ಅಲ್ಲೇ ನಿಂತ್ಬಿಡ್ತಿದ್ದೆ. ಒಂದಿನ ಮಾವ ಕಣ್ಣಿಗೆ ಹಾಕ್ಕೊಂಡಿದ್ದ ಲೂಪು ತೆಗೆದು ನನ್ನ ಕೈಗೆ ಕೊಟ್ಟು, “ಎಷ್ಟು ದಿನ ನಿಂತ್ಕೊಂಡು ನೋಡ್ತೀಯ, ಕೂತ್ಕೊ” ಅಂದ್ರು. ಅತ್ತೆ ಅಡಿಗೆಮನೆಯಿಂದಲೇ, “ಅವಳಿಗೆ ಬೇರೆ ಕೆಲಸ ಇಲ್ವಾ” ಅಂದ್ರು. ಮಾವ ಕೇಳಿಸ್ಕೊಂಡ್ರೂ ಕೇಳಿಸದೋರ ಥರ ಇದ್ರು.

ಮೊದಲನೇ ಪಾಠ ಏನು ಗೊತ್ತಾ? ಸಾಸಿವೆ! ಒಂದು ತಟ್ಟೇಲಿ ಸಾಸಿವೆ ಹಾಕಿ, ಸಣ್ಣ ಚಿಮಟ ಕೊಟ್ಟು, ಒಂದೊಂದೇ ಕಾಳು ಆ ತಟ್ಟೆಯಿಂದ ಈ ತಟ್ಟೆಗೆ ಹಾಕು ಅಂದ್ರು. ಸುಲಭ ಅಂದ್ಕೊಂಡೆ. ಮೊದಲ್ನೇ ಕಾಳೇ ಟಣ್ ಅಂತ ಹಾರಿ ದೇವರ ಮನೆ ಹೊಸಿಲಿಗೆ ಹೋಯ್ತು. “ಅವರೆಕಾಳು ಹಿತುಕೋದು ಬರುತ್ತಲ್ಲ ನಿಂಗೆ? ಅದೇ ಕೈ ಕಣಮ್ಮ ಇದು” ಅಂದ್ರು. ನಿಜ. ಹಿತುಕಿದ ಬೇಳೆಗೆ ಕೂತಾಗ ಜಾಸ್ತಿ ಒತ್ತಿದ್ರೆ ಬೇಳೆ ಮಾರುದೂರ ಹೋಗಿ ಬೀಳುತ್ತೆ, ಕಮ್ಮಿ ಒತ್ತಿದ್ರೆ ಸಿಪ್ಪೆ ಬಿಡಲ್ಲ. ನಡುವಿನ ಒಂದು ಹದ ಇದೆ, ಅದನ್ನ ಯಾರೂ ಬಾಯಲ್ಲಿ ಹೇಳಿಕೊಡೋಕಾಗಲ್ಲ, ಬೆರಳೇ ಕಲೀಬೇಕು. ಸಾಸಿವೆ ಆದ್ಮೇಲೆ ಗಸಗಸೆ. ಗಸಗಸೆ ಎತ್ತೋಕೆ ಬಂದಿದ್ದು ಎರಡು ತಿಂಗಳ ಮೇಲೆ. ಅವತ್ತು ಮಾವ ಒಂದು ಹಾಳಾಗಿದ್ದ ವಾಚು ತಂದು ಮುಂದಿಟ್ರು.

ಎರಡನೇ ಪಾಠ, ಬಿಚ್ಚೋ ಮುಂಚೆ ಕೀ ಇಳಿಸೋದು. ವಾಚಿನ ಒಳಗೆ ಒಂದು ದುಂಡನೆ ಡಬ್ಬಿ ಇರುತ್ತೆ. ಅದರೊಳಗೆ ಉದ್ದನೆ ಉಕ್ಕಿನ ಪಟ್ಟಿ ಸುತ್ತಿ ಇಟ್ಟಿರ್ತಾರೆ, ಅದೇ ಮೇನ್ ಸ್ಪ್ರಿಂಗು. ನಾವು ಕೀ ಕೊಟ್ಟಾಗ ಅದು ಬಿಗಿಯಾಗಿ ಸುತ್ಕೊಳ್ಳುತ್ತೆ, ಆಮೇಲೆ ಬಿಚ್ಕೊಳ್ಳೋಕೆ ನೋಡುತ್ತೆ. ಆ ಬಿಚ್ಕೊಳ್ಳೋ ಜೋರಿಗೇ ಚಕ್ರಗಳು ತಿರುಗೋದು. ಒಂದು ಚಕ್ರ ಗಂಟೆಗೊಂದು ಸುತ್ತು ಬರುತ್ತೆ, ಸೆಕೆಂಡಿನ ಚಕ್ರ ನಿಮಿಷಕ್ಕೊಂದು ಸುತ್ತು. ಸುಮ್ನೆ ಬಿಟ್ರೆ ಏನಾಗುತ್ತೆ? ಬಾವೀಲಿ ನೀರು ಸೇದುವಾಗ ಹಗ್ಗ ಕೈ ಜಾರಿದ್ರೆ ರಾಟೆ ಗಿರ್ರಂತ ತಿರುಗಿ ಬಿಂದಿಗೆ ಬಾವಿ ಸೇರುತ್ತಲ್ಲ, ಹಂಗೇ ಆಗುತ್ತೆ. ಕೀ ಇಳಿಸದೇ ಬಿಚ್ಚಿದ್ರೆ ಚಕ್ರಗಳು ಒಂದೇ ಸಲಕ್ಕೆ ತಿರುಗಿ, ಕೂದಲಿನಂಥ ಅಚ್ಚುಗಳು ಪಟ್ ಅಂತ ಮುರೀತವೆ. ಅದಕ್ಕೇ ಕೀ ತಿರುಪು ಹಿಡ್ಕೊಂಡು, ತಡೆ ಬಿಡಿಸಿ, ಹಗ್ಗ ಇಳಿಬಿಟ್ಟಂಗೆ ನಿಧಾನಕ್ಕೆ ಬಿಡ್ಬೇಕು.

ಹಂಗಾದ್ರೆ ಓಡೋ ವಾಚಲ್ಲಿ ಆ ಹಗ್ಗ ಹಿಡ್ಕೊಂಡಿರೋದು ಯಾರು? ಕೊನೇ ಚಕ್ರದ ಪಕ್ಕ ಪ್ಯಾಲೆಟ್ ಅಂತ ಒಂದು ಸಣ್ಣ ಕವೆ ಕೂತಿರುತ್ತೆ. ಅದು ಚಕ್ರದ ಒಂದು ಹಲ್ಲು ಹಿಡಿಯುತ್ತೆ, ಬಿಡುತ್ತೆ, ಇನ್ನೊಂದು ಹಿಡಿಯುತ್ತೆ. ಟಿಕ್ ಟಿಕ್ ಅನ್ನೋದು ಅದೇ ಸದ್ದು. ಯಾವಾಗ ಹಿಡೀಬೇಕು, ಯಾವಾಗ ಬಿಡಬೇಕು ಅಂತ ಅದಕ್ಕೆ ಹೇಳೋದು ಬ್ಯಾಲೆನ್ಸ್ ಚಕ್ರ. ಅದು ಸುತ್ತಲ್ಲ, ತೊಟ್ಟಿಲು ತೂಗಿದಂಗೆ ಆ ಕಡೆ ಈ ಕಡೆ ಆಡುತ್ತೆ. ತೂಗಿದ್ದನ್ನ ವಾಪಸ್ ಎಳ್ಕೊಳ್ಳೋದು ಹೇರ್ ಸ್ಪ್ರಿಂಗು. ಹೆಸರೇ ಹೇಳೋಹಂಗೆ ಕೂದಲೆಳೆ, ಕೋಡುಬಳೆ ಸುತ್ತಿದ ಹಂಗಲ್ಲ, ಚಕ್ಕುಲಿ ಸುತ್ತಿದ ಹಂಗೆ ಸುತ್ತಿರುತ್ತೆ. ಜನತಾ ವಾಚು ಗಂಟೆಗೆ 18,000 ಸಲ ಬಡೀತದೆ. ಸೆಕೆಂಡಿಗೆ ಐದು. ದಿನಕ್ಕೆ ಲೆಕ್ಕ ಹಾಕಿದ್ರೆ 4,32,000 ಸಲ! ನಾವು ಬೆಳಗ್ಗೆ ಹತ್ತಿಪ್ಪತ್ತು ಸಲ ತಿರುಪಿದ್ದಕ್ಕೆ ಅಷ್ಟೊಂದು ದುಡಿಯುತ್ತೆ.

“17 ಜ್ಯೂಯೆಲ್ಸ್” ಅಂತ ಬರೆದಿರುತ್ತಲ್ಲ, ಅದನ್ನ ನೋಡಿ ಒಳಗೆ ಮಾಣಿಕ್ಯ ಇದೆ, ಕಿತ್ತು ಮೂಗುಬಟ್ಟಿಗೆ ಹಾಕಿಸ್ಬಹುದಾ ಅಂತ ನಮ್ಮ ನಾದಿನಿ ಒಂದ್ಸಲ ಕೇಳಿದ್ಲು. ಮಾಣಿಕ್ಯವೇ, ಆದ್ರೆ ಮನುಷ್ಯರು ಮಾಡಿರೋದು. ಗಸಗಸೆ ಥರ ಇರುತ್ತೆ. ಲೋಹಕ್ಕೆ ಲೋಹ ಉಜ್ಜಿದ್ರೆ ಸವೆಯುತ್ತೆ, ಅದಕ್ಕೇ ಅಚ್ಚು ತಿರುಗೋ ಕಡೆ ಆ ಗಟ್ಟಿ ನುಣುಪು ಕಲ್ಲು ಕೂರ್ಸಿ ಒಂದು ಕಣ ಎಣ್ಣೆ ಬಿಟ್ಟಿರ್ತಾರೆ. ಎಣ್ಣೆ ವಿಷಯದಲ್ಲಿ ಮಾವ ಬಲು ಕಟ್ಟುನಿಟ್ಟು. ಸೂಜಿ ತುದೀಲಿ ಕಣ್ಣಿಗೆ ಕಂಡೂ ಕಾಣದಷ್ಟು. ಜಾಸ್ತಿಯಾದ್ರೆ ಹರಡಿ ಧೂಳು ಹಿಡ್ಕೊಳ್ಳುತ್ತೆ. ಹೇರ್ ಸ್ಪ್ರಿಂಗಿಗಂತೂ ಎಣ್ಣೆ ತಾಗಲೇಬಾರ್ದು, ಸುತ್ತುಗಳು ಒಂದಕ್ಕೊಂದು ಅಂಟ್ಕೊಂಡು ವಾಚು ಮುಂದಕ್ಕೆ ಓಡೋಕೆ ಶುರು ಮಾಡುತ್ತೆ. ನಮ್ಮದು ತೆಂಗಿನ ಸೀಮೆ ನೋಡಿ, ನಿಂತ ವಾಚಿಗೆ ಮನೇಲೇ ಕೊಬ್ಬರಿ ಎಣ್ಣೆ ಬಿಟ್ಟು ತರೋರು. ಚಳಿಗಾಲ ಬಂದ್ರೆ ಅದು ಒಳಗೇ ಗಟ್ಟಿಯಾಗಿ ಕೂತಿರೋದು. ಮಾವ ಅದನ್ನ ಪೆಟ್ರೋಲಲ್ಲಿ ತೊಳೆದು, ಚೂಪು ಮಾಡಿದ ಕಡ್ಡೀಲಿ ಒಂದೊಂದೇ ಕಲ್ಲಿನ ತೂತು ಒರೆಸುವಾಗ, “ಇವರು ವಾಚಿಗೂ ತಲೆಸ್ನಾನ ಮಾಡಿಸ್ತಾರೆ” ಅಂತ ಗೊಣಗೋರು.

ಬಿಚ್ಚಿದ ಭಾಗ ಇಡೋಕೆ ನಾನೊಂದು ಉಪಾಯ ಮಾಡ್ದೆ. ಹಳೇ ಒಗ್ಗರಣೆ ಡಬ್ಬಿ ಚೆನ್ನಾಗಿ ತೊಳೆದು ಒಣಗಿಸಿ ಕೊಟ್ಟೆ. ಏಳು ಬಟ್ಟಲು. ಮೊದಲು ಬಿಚ್ಚಿದ್ದು ಮೊದಲ ಬಟ್ಟಲಿಗೆ, ಕೊನೇದು ಏಳನೇದಕ್ಕೆ. ಜೋಡಿಸುವಾಗ ಏಳರಿಂದ ಹಿಂದಕ್ಕೆ ಬಂದ್ರಾಯ್ತು. ಮಾವ ಅದನ್ನ ನೋಡಿ, “ಇದು ಫ್ಯಾಕ್ಟರೀಲೂ ಇರ್ಲಿಲ್ಲ” ಅಂದ್ರು. ಆ ಮಾತಿಗೆ ನಾನು ಒಂದು ವಾರ ಹಿಗ್ಗಿದೀನಿ.

ಈಗ ಯಾರಿಗೂ ಹೇಳದೇ ಇದ್ದ ವಿಷಯಕ್ಕೆ ಬರ್ತೀನಿ.

2008ರ ಹೊತ್ತಿಗೆ ಮಾವನ ಕೈ ನಡುಗೋಕೆ ಶುರುವಾಯ್ತು. ಕಾಫಿ ಲೋಟ ಹಿಡಿದ್ರೆ ಬಟ್ಟಲಿಗೆ ತಗುಲಿ ಟಕಟಕ ಅನ್ನೋದು. ಸ್ಕ್ರೂ ಕೆಲಸ ಹೆಂಗೋ ಮಾಡೋರು, ಬ್ಯಾಲೆನ್ಸ್ ಕೂರ್ಸೋದು ಮಾತ್ರ ಆಗ್ತಿರ್ಲಿಲ್ಲ. ಇಪ್ಪತ್ತು ವರ್ಷ ಮಾಡಿದ ಅದೊಂದೇ ಕೆಲಸ ಕೈಬಿಟ್ಟು ಹೋಯ್ತು. ಅವರು ಹೇಳೋದು, ನಾನು ಮಾಡೋದು, ಹಿಂಗೆ ನಡೀತಿತ್ತು.

ಆಗ ನಮ್ಮ ಮೂಲೆಮನೆ ಅಜ್ಜಿ ಒಂದು ವಾಚು ತಂದುಕೊಟ್ರು. ಅಜ್ಜ ತೀರ್ಕೊಂಡು ಆರು ತಿಂಗಳಾಗಿತ್ತು, ಅವರ ಕೈಲಿದ್ದ ಜನತಾ. “ನಿಂತೋಗೈತೆ ಕಣವ್ವ, ಓಡೋ ಹಂಗೆ ಮಾಡ್ಕೊಡು, ದಿಂಬಿನ ಪಕ್ಕ ಇಟ್ಕೊತೀನಿ” ಅಂದ್ರು. ಮಾವ ಊಟ ಮಾಡಿ ಮಲಗಿದ್ರು. ನಾನೊಬ್ಬಳೇ ಮಾಡ್ಬಿಡೋಣ, ಎದ್ದ ಮೇಲೆ ತೋರ್ಸೋಣ ಅಂತ ಕೂತೆ. ಕೀ ಇಳಿಸ್ದೆ. ಬ್ಯಾಲೆನ್ಸ್ ಮೇಲಿನ ಸೇತುವೆ ಸ್ಕ್ರೂ ಬಿಚ್ಚಿದೆ. ಆ ಸೇತುವೆ ಎತ್ತುವಾಗ ಬ್ಯಾಲೆನ್ಸ್ ಚಕ್ರ ಹೇರ್ ಸ್ಪ್ರಿಂಗಲ್ಲಿ ತೂಗಾಡುತ್ತೆ, ಅದಕ್ಕೆ ಮೆತ್ತಗೆ ಒಂದು ಕಡೆ ತಿರುಗಿಸಿ ಮಲಗಿಸ್ಬೇಕು. ನೂರು ಸಲ ನೋಡಿದೀನಿ. ಅವತ್ತೇ ಹೊರಗಡೆ ಯಾರೋ ಕೂಗಿದಂಗಾಯ್ತು, ತಲೆ ಎತ್ತಿದೆ. ಚಕ್ರ ಕೆಳಗೆ ಸಿಕ್ಕಾಕ್ಕೊಂಡಿತ್ತು, ನನ್ನ ಕೈ ಮೇಲಕ್ಕೆ ಹೋಗಿತ್ತು. ಚಕ್ಕುಲಿ ಥರ ಇದ್ದ ಹೇರ್ ಸ್ಪ್ರಿಂಗು ಎಳೆದು ಬಿಸಾಕಿದ ನೂಲಿನ ಥರ ಆಗಿತ್ತು.

ಮಾವ ಎದ್ದು ಬಂದು ನೋಡಿದ್ರು. ಬೈಲಿಲ್ಲ. ಲೂಪು ಹಾಕ್ಕೊಂಡು ಎರಡು ಸಾಯಂಕಾಲ ಅದನ್ನ ಸರಿ ಮಾಡೋಕೆ ಕೂತ್ರು. ಕೈ ನೆಟ್ಟಗಿದ್ದಿದ್ರೆ ಆಗ್ತಿತ್ತೇನೋ. ನಡುಗೋ ಕೈಲಿ ಒಂದು ಸುತ್ತು ಸರಿ ಮಾಡಿದ್ರೆ ಇನ್ನೊಂದು ಸುತ್ತು ಸೊಟ್ಟ ಆಗೋದು. ಎರಡನೇ ದಿನ ಚಿಮಟ ಕೆಳಗಿಟ್ಟು, “ನನ್ ಕೈಲಾಗಲ್ಲಮ್ಮ” ಅಂದ್ರು. ಅವರ ಬಾಯಲ್ಲಿ ಆ ಮಾತು ನಾನು ಅದಕ್ಕೆ ಮುಂಚೆ ಕೇಳಿರ್ಲಿಲ್ಲ.

ಗುಜರಿಗೆ ಅಂತ ಬಂದಿದ್ದ ಇನ್ನೊಂದು ಜನತಾ ಇತ್ತು. ಒಂದೇ ಮಾದರಿ ಆದ್ರಿಂದ ಅದರ ಬ್ಯಾಲೆನ್ಸ್ ಇದಕ್ಕೆ ಕೂರುತ್ತೆ. ಹೇರ್ ಸ್ಪ್ರಿಂಗೊಂದನ್ನೇ ಬದಲಾಯಿಸೋ ಹಂಗಿಲ್ಲ, ಅದಕ್ಕೂ ಚಕ್ರಕ್ಕೂ ಫ್ಯಾಕ್ಟರೀಲೇ ಜೋಡಿ ಮಾಡಿರ್ತಾರೆ, ಎರಡನ್ನೂ ಸೇರ್ಸಿ ಹಾಕ್ಬೇಕು. ನಾನೇ ಕೂರ್ಸಿದೆ. ಓಡ್ತು. ಅಬ್ಬ ಅಂತ ಉಸಿರು ಬಿಟ್ಟು, “ಮಾವ, ಸರಿಹೋಯ್ತಲ್ಲ, ಅಜ್ಜಿಗೆ ಹೇಳೋದೇನೂ ಬೇಡ ಅಲ್ವಾ” ಅಂದೆ.

ಮಾವ ನನ್ನ ಮುಖ ನೋಡಿದ್ರು. “ಮುರಿದೋರೇ ಹೋಗಿ ಹೇಳ್ಬೇಕು. ಹಳೇದನ್ನ ಪೊಟ್ಟಣ ಕಟ್ಟಿ ಅವರ ಕೈಗೆ ಕೊಡ್ಬೇಕು. ಬಿಚ್ಚಿ ನೋಡೋಕೆ ಗಿರಾಕಿಗೆ ಬರಲ್ಲ ಅಂತಾನೇ ನಾವು ಸುಳ್ಳು ಹೇಳಬಾರ್ದು” ಅಂದ್ರು.

ಮೂಲೆಮನೆಗೆ ನಾಲ್ಕು ಹೆಜ್ಜೆ. ಅವತ್ತು ಅದಕ್ಕಿಂತ ದೂರದ ದಾರಿ ನಾನು ನಡೆದಿಲ್ಲ. ಅಜ್ಜಿ ಜಗಲಿ ಮೇಲೆ ಎಲೆಅಡಿಕೆ ಹಾಕ್ಕೊಂಡು ಕೂತಿದ್ರು. ಎಲ್ಲ ಹೇಳ್ದೆ. ಅಜ್ಜಿ ಸ್ವಲ್ಪ ಹೊತ್ತು ಮಾತಾಡ್ಲಿಲ್ಲ. ಆಮೇಲೆ ವಾಚು ಕಿವಿ ಹತ್ರ ಇಟ್ಕೊಂಡು ಕೇಳಿದ್ರು. “ಅದೇ ಸದ್ದಲ್ಲ” ಅಂದ್ರು.

ತೊಳೆದು ಎಣ್ಣೆ ಬಿಟ್ಟ ವಾಚು ಸ್ವಲ್ಪ ಗಟ್ಟಿಯಾಗೇ ಕೇಳ್ಸುತ್ತೆ, ಅದಕ್ಕಿರಬಹುದು ಅಂತ ಮಾವ ಆಮೇಲೆ ಸಮಾಧಾನ ಹೇಳಿದ್ರು. ಇರಬಹುದು. ಆದ್ರೆ ಐವತ್ತು ವರ್ಷ ಆ ಕೈ ಪಕ್ಕ ಮಲಗಿದ ಹೆಂಗಸಿಗೆ ನನಗಿಂತ, ಮಾವನಿಗಿಂತ ಚೆನ್ನಾಗಿ ಗೊತ್ತಿರುತ್ತೆ. ನಾನು ವಾದ ಮಾಡ್ಲಿಲ್ಲ. ಪೊಟ್ಟಣ ಕೊಟ್ಟೆ. ಅಜ್ಜಿ ಅದನ್ನ ಬಿಚ್ಚಲೂ ಇಲ್ಲ, ಎಲೆಅಡಿಕೆ ಚೀಲದ ಒಳಮಡಿಕೆಗೆ ಸೇರ್ಸಿದ್ರು. ಸಾಯೋವರೆಗೂ ಅದು ಅಲ್ಲೇ ಇತ್ತು, ನಾನು ನೋಡಿದೀನಿ.

ಆದ್ರೆ ವಾಚು ಬಿಡ್ಲಿಲ್ಲ. ಅವರ ಬೆರಳಿಗೆ ತಿರುಪು ಹಿಡಿಯೋಕಾಗ್ತಿರ್ಲಿಲ್ಲ, ದಿನಾ ಬೆಳಗ್ಗೆ ಹಾಲು ತರೋಕೆ ಹೋಗುವಾಗ ನಮ್ಮ ಬಾಗಿಲಿಗೆ ಬಂದು, “ಕೀ ಕೊಡು ಬಾರೆ” ಅಂತ ಕೂಗೋರು. ಮೂರು ವರ್ಷ ಕೊಟ್ಟೆ. ಅಜ್ಜಿ ಒಂದಿನಾನೂ ಆ ವಿಷಯ ಎತ್ತಿ ಆಡ್ಲಿಲ್ಲ. ನಾನೂ ಒಂದಿನಾನೂ ಮರೀಲಿಲ್ಲ.

ಆ ಘಟನೆ ಆದ ಮೇಲೇ ಮಾವ ನಂಗೆ ಮುಚ್ಚಳದ ಒಳಗೆ ಗುರುತು ಗೀಚೋಕೆ ಹೇಳಿಕೊಟ್ಟಿದ್ದು. ರಿಪೇರಿ ಮಾಡಿದೋರು ವಾಚಿನ ಹಿಂದಿನ ಮುಚ್ಚಳದ ಒಳಭಾಗದಲ್ಲಿ ಸೂಜಿ ಮೊನೇಲಿ ತಾರೀಕು, ತಮ್ಮ ಗುರುತು ಗೀಚಿಡ್ತಾರೆ. ಮುಂದೆ ಬಿಚ್ಚೋನಿಗೆ ಯಾರು, ಯಾವಾಗ ಕೈ ಹಾಕಿದ್ರು ಅಂತ ಗೊತ್ತಾಗ್ಬೇಕು. “ತಪ್ಪು ಮಾಡಿ ಹೋಗಿ ಹೇಳಿದೋಳಿಗೆ ಗುರುತು ಹಾಕೋ ಹಕ್ಕು ಬಂತು” ಅಂದ್ರು ಮಾವ. ಮೇಲಿಂದ ಬಂದ ರಿಪೇರಿ ದುಡ್ಡೂ ನನ್ನ ಕೈಗೇ ಕೊಡೋಕೆ ಶುರು ಮಾಡಿದ್ರು. ಅದು ಬಹಳ ದುಡ್ಡೇನಲ್ಲ. ಆದ್ರೆ ನಾನೂ ಸ್ವಲ್ಪ ಆ ಬಸ್ಸಿಗೆ ಕಾಯ್ತಿದ್ದ ಹೆಂಗಸರ ಥರ ನಡೆದಿರ್ತೀನಿ.

2016ರ ಜನವರೀಲಿ ಎಚ್‌ಎಂಟಿ ವಾಚು ಕಂಪನಿ ಮುಚ್ಚೋಕೆ ಕೇಂದ್ರ ಸರ್ಕಾರ ಒಪ್ಪಿಗೆ ಕೊಡ್ತು ಅಂತ ಟಿವೀಲಿ ಬಂದಾಗ ನಾನು ಒಂದು ವಾಚು ಬಿಚ್ಕೊಂಡು ಕೂತಿದ್ದೆ, ಮಾವ ಪಕ್ಕದಲ್ಲಿ ಟಾರ್ಚು ಹಿಡಿದಿದ್ರು. ಸುದ್ದಿ ಮುಗಿಯೋವರೆಗೂ ಬೆಳಕು ಅಲುಗಾಡ್ತಿತ್ತು, ಅದು ಕೈ ನಡುಕಕ್ಕೋ ಏನೋ. “ಹೂಂ, ಮುಂದಿನ ಸ್ಕ್ರೂ ಹಾಕು” ಅಂದ್ರು. ಮಾರನೇ ವರ್ಷ ಹೋದ್ರು. ಫ್ಯಾಕ್ಟರಿ ಜಾಗ ಈಗ ಇಸ್ರೋದೋರಿಗೆ ಹೋಗಿದೆ. ವಾಚು ಮಾಡ್ತಿದ್ದ ಜಾಗದಲ್ಲಿ ರಾಕೆಟ್ಟಿನ ಕೆಲಸ, ಮಾವ ಇದ್ದಿದ್ರೆ ಖುಷಿಯೇ ಪಡ್ತಿದ್ರು. ಹಳೇ ವಾಚುಗಳನ್ನ, ಅದನ್ನ ಮಾಡ್ತಿದ್ದ ಸಾಮಾನನ್ನ ನೋಡ್ಬೇಕು ಅನ್ನೋರು ಬೆಂಗಳೂರು ಜಾಲಹಳ್ಳಿಯ ಎಚ್‌ಎಂಟಿ ಹೆರಿಟೇಜ್ ಸೆಂಟರಿಗೆ ಹೋಗಿ, ಮಕ್ಕಳನ್ನೂ ಕರ್ಕೊಂಡು ಹೋಗಿ.

ಈಗ ಅಪ್ಪನ ವಾಚಿಗೆ ಬರ್ತೀನಿ. ಸೊಸೆ ಮುಂದೇನೇ ಬಿಚ್ಚಿದೆ. ಮುಚ್ಚಳದ ಒಳಗೆ ಮಾವನ ಗುರುತು, 2003 ಅಂತ. ಬೀಗರ ವಾಚು ಅಂತ ದುಡ್ಡು ತಗೊಳ್ದೆ ಮಾಡಿಕೊಟ್ಟಿದ್ದು ನಂಗೂ ನೆನಪಿದೆ. ಒಳಗೆ ಏನೂ ಮುರಿದಿರ್ಲಿಲ್ಲ, ಎಣ್ಣೆ ಒಣಗಿತ್ತು ಅಷ್ಟೇ. ನನ್ನ ಕಣ್ಣಿಗೂ ವಯಸ್ಸಾಗಿದೆ, ಅರ್ಧ ದಿನದ ಕೆಲಸಕ್ಕೆ ಮೂರು ದಿನ ಹಿಡೀತು. ಬ್ಯಾಲೆನ್ಸ್ ಎತ್ತುವಾಗ ಮಾತ್ರ ಮನೆ ಬಾಗಿಲು ಹಾಕಿ, ಫೋನು ಆಫ್ ಮಾಡಿ, ಉಸಿರು ಹಿಡ್ಕೊಂಡೇ ಎತ್ತಿದೆ. ಜೋಡ್ಸಿದ ಮೇಲೆ ಮಾವನ ಗುರುತಿನ ಕೆಳಗೆ ನನ್ನದು ಗೀಚಿದೆ. ಅಪ್ಪನ ವಾಚಿನ ಮುಚ್ಚಳದಲ್ಲಿ ನನ್ನ ಗುರುತು! ಅರ್ಜಿ ಹಾಕ್ಲಾ ಅಂತ ಕೇಳಿ ಮೂವತ್ತೈದು ವರ್ಷದ ಮೇಲಾಯ್ತು. ಅಪ್ಪನ ಮೇಲೆ ಈಗ ಸಿಟ್ಟಿಲ್ಲ. ಇತ್ತು, ಅಂತ ಬರೆಯೋಕೆ ಮಾತ್ರ ಇವತ್ತು ಧೈರ್ಯ ಬಂತು.

ನಿಮ್ಮ ಮನೆ ಬೀರುಗಳಲ್ಲೂ ಇಂಥ ವಾಚು ಇದ್ದೇ ಇರ್ತವೆ. ನನ್ನ ಮಾತು ಕೇಳಿ, ಗುಜರಿಗೆ ಹಾಕ್ಬೇಡಿ. ಚಾಕು ತಗೊಂಡು ಹಿಂದಿನ ಮುಚ್ಚಳ ಎಬ್ಬಿಸ್ಬೇಡಿ, ಕೊಬ್ಬರಿ ಎಣ್ಣೆ ಬಿಡ್ಬೇಡಿ. ಕೀ ಕೊಡೋಕಾದ್ರೆ ದಿನಾ ಒಂದೇ ಹೊತ್ತಿಗೆ, ಕೈಯಿಂದ ಬಿಚ್ಚಿಟ್ಕೊಂಡು ಕೊಡಿ. ತಿರುಪು ಗಟ್ಟಿಯಾದ ತಕ್ಷಣ ನಿಲ್ಲಿಸಿ. ಸ್ಪೀಕರು, ಅಯಸ್ಕಾಂತ ಇರೋ ಪರ್ಸು, ಇವುಗಳ ಹತ್ರ ಇಡ್ಬೇಡಿ, ಹೇರ್ ಸ್ಪ್ರಿಂಗು ಅಂಟ್ಕೊಳ್ಳುತ್ತೆ. ದಿನಕ್ಕೆ ಒಂದು ನಿಮಿಷ ಹೆಚ್ಚುಕಮ್ಮಿ ಆದ್ರೆ ಬೈಬೇಡಿ, 1,440 ನಿಮಿಷದಲ್ಲಿ ಒಂದು ತಪ್ಪಿದ್ರೆ ಅದೇನು ಮಹಾ, ನಮ್ಮ ಉಪ್ಪಿನ ಅಂದಾಜೂ ಅಷ್ಟು ಸರಿ ಇರಲ್ಲ.

ಹುಡುಗಿ ವಾಚು ಕಟ್ಕೊಂಡು ಹೋದ್ಲು. ಹೋಗುವಾಗ ಒಂದು ಪೊಟ್ಟಣ ಸಾಸಿವೆ, ಒಂದು ಚಿಮಟ ಕೊಟ್ಟು ಕಳ್ಸಿದೀನಿ. ಇವತ್ತು ಬೆಳಗ್ಗೆ ಫೋನ್ ಮಾಡಿದ್ಲು. “ಅತ್ತೆ, ವಾಚು ಎರಡು ನಿಮಿಷ ಮುಂದಿದೆ. ಸಾಸಿವೆ ಎಲ್ಲ ಸೋಫಾ ಕೆಳಗಿದೆ.”